ಮುತ್ತಜ್ಜನ ಹಿತ್ತಾಳೆ ಹೂದಾನಿ: ಅದು ಫಿರಂಗಿಯ ಕೇಸ್

ಸರ್, ತಳದಲ್ಲಿ '18 ಪಿಆರ್', '1916', ಎರಡು ಕಡೆ 'ಸಿಎಫ್', ಹೊಟ್ಟೆಯ ಮೇಲೆ 'ಬಸ್ರಾ' (ಇರಾಕಿನ ಊರು) ಅಂತ ಇರುವ ಹೂದಾನಿಯ ಫೋಟೋ ಹಾಕಿ, ಇದು ಎರಡನೇ ಮಹಾಯುದ್ಧದ್ದಾ, ಮುತ್ತಜ್ಜ ಹಾರಿಸಿದ್ದಾ ಅಂತ ಕೇಳಿದ್ದೀರಿ.

ಮೊದಲನೇ ಮಹಾಯುದ್ಧದ ಕಾಲದ್ದು. ಬ್ರಿಟಿಷರ 18 ಪೌಂಡರ್ (ಸುಮಾರು 18 ಪೌಂಡ್ ತೂಕದ ಗುಂಡು ಹಾರಿಸುವ) ಫಿರಂಗಿಯ ಕೇಸ್, ಅಂದರೆ ಗುಂಡನ್ನು ಹಾರಿಸುವ ಮದ್ದು ತುಂಬುವ ಹಿತ್ತಾಳೆ ಕೊಳವೆ. ಉದ್ದ ನೋಡಿ ಮೋಸ ಹೋಗಬೇಡಿ: ಇದು 295 ಮಿ.ಮೀ., ಎರಡನೇ ಯುದ್ಧದ 25 ಪೌಂಡರ್ ಕೇಸ್ 292. ಸ್ಕೇಲ್ ಇಟ್ಟರೆ ಎರಡೂ ಒಂದೇ! ಹೂದಾನಿ ಮಾಡುವಾಗ ಬಾಯಿ ಅಗಲಿಸಿರುತ್ತಾರೆ, ಹಾಗಾಗಿ ಅದರ ಅಳತೆಯನ್ನೂ ನಂಬುವ ಹಾಗಿಲ್ಲ. ತಳದ ಬರಹವೇ ಗಟ್ಟಿ ಸಾಕ್ಷಿ.

'ಸಿಎಫ್' ಅಂದರೆ ಕಾರ್ಡೈಟ್ ಫುಲ್, ಕಾರ್ಡೈಟ್ ಅನ್ನೋ ಮದ್ದನ್ನು ಪೂರ್ತಿ ತುಂಬಿದ್ದಾರೆ ಅಂತ. ತುಂಬಿದಾಗಲೆಲ್ಲ ಒಂದು ಮುದ್ರೆ ಒತ್ತುತ್ತಿದ್ದರು. ನಿಮ್ಮದರಲ್ಲಿ ಎರಡಿವೆ, ಅಂದರೆ ಒಮ್ಮೆ ಹಾರಿಸಿದ ಕೇಸನ್ನೇ ವಾಪಸ್ ತರಿಸಿ ಮತ್ತೆ ತುಂಬಿದ್ದಾರೆ. ಗುಂಡು ಹಾರಿ ಹೋಗುತ್ತದೆ, ಹಿತ್ತಾಳೆ ಫಿರಂಗಿ ಪಕ್ಕದಲ್ಲೇ ಬೀಳುತ್ತದೆ ಅಲ್ವಾ, ಅದನ್ನು ಬಿಡುತ್ತಾರಾ?

1916 ಅನ್ನೋದು ಕೇಸ್ ತಯಾರಾದ ವರ್ಷ, ಅಷ್ಟೇ. ಮುತ್ತಜ್ಜ ಹಾರಿಸಿದ್ದು ಅನ್ನೋದು ನನಗೆ ಅನುಮಾನ. 1857ರ ದಂಗೆಯ ನಂತರ ಬ್ರಿಟಿಷರು ಭಾರತೀಯರ ಕೈಗೆ ಬೆಟ್ಟದ ಸಣ್ಣ ಫಿರಂಗಿಗಳನ್ನು ಬಿಟ್ಟರೆ ಬೇರೆ ಕೊಡುತ್ತಿದ್ದದ್ದು ತೀರಾ ಕಡಿಮೆ. ಮೈದಾನದ ಫಿರಂಗಿಗಳ ಮೊದಲ ಭಾರತೀಯ ಬ್ರಿಗೇಡ್ ಶುರುವಾಗಿದ್ದು 1935ರಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲೇ. ಆದರೆ ಮದ್ದುಗುಂಡು ಸಾಗಿಸುವ ಕೆಲಸದಲ್ಲಿ ನಮ್ಮವರು ತುಂಬಾ ಜನ ಇದ್ದರು. ಬಸ್ರಾ 1914ರ ನವೆಂಬರ್‌ನಲ್ಲೇ ಬ್ರಿಟಿಷರ ವಶವಾಗಿತ್ತು. ಖಾಲಿ ಕೇಸ್‌ಗಳ ಮೇಲೆ ಹೀಗೆ ಹೆಸರು ಕೆತ್ತಿ ನೆನಪಿಗೆ ಅಂತ ಮನೆಗೆ ತರೋದು ಆಗ ಮಾಮೂಲಿ. ಮುತ್ತಜ್ಜನ ಡಿಸ್ಚಾರ್ಜ್ ಕಾಗದ ಇದ್ದರೆ ಹಾಕಿ, ಯಾವ ಪಡೆ ಅಂತ ನೋಡೋಣ.

ತಳದ ನಡುವಿನ ಪ್ರೈಮರ್ (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಮೇಲೆ ಗುಂಡಿ ಬಿದ್ದ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಬಡಿಯೋದು, ಬಿಚ್ಚೋದು ಬೇಡ. ಇದ್ದರೆ ಅಕ್ಕಿ ಹಿಟ್ಟು ಸವರಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ಇನ್ನೊಂದು ಫೋಟೋ ತೆಗೆಯಿರಿ. ಉಳಿದ ಸಣ್ಣ ಅಕ್ಷರಗಳೂ ಕಾಣುತ್ತವೆ. ಹುಣಸೆಹಣ್ಣು, ಪೀತಾಂಬರಿ ಹಾಕಿ ಮಾತ್ರ ಉಜ್ಜಬೇಡಿ, ಕೆತ್ತನೆ ಸವೆಯುತ್ತದೆ.

ಕೆಳಗೆ ಒಬ್ಬರು, ಹೊಲದಲ್ಲಿ ಸಿಕ್ಕ ಚೂಪು ಮೂತಿಯದನ್ನು ಗ್ರೈಂಡರ್‌ನಲ್ಲಿ ಕೊಯ್ಯಬಹುದಾ ಅಂತ ಕೇಳಿದ್ದಾರೆ. ಕಬ್ಬಿಣದ್ದು, ಭಾರ, ಬುಡದಲ್ಲಿ ತಾಮ್ರದ ಪಟ್ಟಿ ಅಂದರೆ ಅದು ಕೇಸ್ ಅಲ್ಲ, ಗುಂಡು. ಒಳಗೆ ಮದ್ದು ಇರಬಹುದು. ಮುಟ್ಟದೆ ದೂರ ಹೋಗಿ 112ಕ್ಕೆ ಫೋನ್ ಮಾಡಿ.