ನೆವಾಡಾ ಕೌಂಟಿಯಲ್ಲಿ ಮನೆ ಕೊಳ್ಳುವುದಾದರೆ ಊರಿಗಿಂತ ಮೊದಲು ಎತ್ತರ, ನೀರು, ರಸ್ತೆ ನೋಡಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವಿಬ್ಬರು, ಒಂಬತ್ತು ವರ್ಷದ ಮಗಳು, ವರ್ಷದಲ್ಲಿ ಆರು ತಿಂಗಳು ಜೊತೆಗಿರುವ ಅತ್ತೆ ಮಾವ. ವಾರಕ್ಕೆ ಎರಡು ದಿನ ಸ್ಯಾಕ್ರಮೆಂಟೊ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಕ್ಯಾಲಿಫೋರ್ನಿಯಾದ ನೆವಾಡಾ ಕೌಂಟಿಯಲ್ಲಿ ಮೂರು ಮನೆ ನಿಮ್ಮ ಮನಸ್ಸಿಗೆ ಹಿಡಿಸಿವೆ: ಟ್ರಕೀಯಲ್ಲಿ ಒಂದು, ನಾರ್ತ್ ಸ್ಯಾನ್ ವಾನ್ ಹತ್ತಿರ ಐದು ಎಕರೆಯಲ್ಲಿ ಒಂದು, ಲೇಕ್ ವೈಲ್ಡ್‌ವುಡ್ ಅನ್ನುವ ಗೇಟಿರುವ ಬಡಾವಣೆಯಲ್ಲಿ ಒಂದು. ಯಾವ ಕಡೆ ಕೊಂಡರೆ ಒಳ್ಳೆಯದು ಅಂತ ಕೇಳಿದ್ದೀರಿ.

ನಾವು 2019ರಲ್ಲಿ ಇದೇ ಕೌಂಟಿಯ ಗ್ರಾಸ್ ವ್ಯಾಲಿಗೆ ಬಾಡಿಗೆಗೆ ಬಂದವರು. ಒಂದು ವರ್ಷ ಹುಡುಕಿ ಊರಿನ ಹೊರಗೆ ಮನೆ ಕೊಂಡೆವು. ನೀವು ಕಳಿಸಿದ ಪಟ್ಟಿ ನೋಡಿದಾಗ ನಮ್ಮ ಆಗಿನ ಪಟ್ಟಿಯೇ ನೆನಪಾಯಿತು. ಮೂರೂ ಒಂದೇ ಕೌಂಟಿಯಲ್ಲಿವೆ, ಆದರೆ ಮೂರು ಬೇರೆ ಬೇರೆ ಬದುಕು.

ಮೊದಲು ಎತ್ತರದ ಮಾತು. ಲೇಕ್ ವೈಲ್ಡ್‌ವುಡ್ ಪಕ್ಕದ ಪೆನ್ ವ್ಯಾಲಿ ಸುಮಾರು 1,400 ಅಡಿ ಎತ್ತರದಲ್ಲಿದೆ. ಗ್ರಾಸ್ ವ್ಯಾಲಿ 2,400 ಅಡಿ, ನೆವಾಡಾ ಸಿಟಿ 2,500. ಟ್ರಕೀ 5,800. ಟ್ರಕೀಗೂ ಈ ಕಡೆಯ ಊರುಗಳಿಗೂ ನಡುವೆ 7,000 ಅಡಿ ದಾಟಿದ ಡಾನರ್ ಸಮಿಟ್ ಇದೆ. ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆಯಲ್ಲಿ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿ, ಘಟ್ಟ ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಬೆವರುವುದು ನಮಗೆ ಗೊತ್ತಿರುವ ವಿಷಯ. ಇಲ್ಲಿ ಅದೇ ಕಥೆ, ಇನ್ನೂ ದೊಡ್ಡದಾಗಿ. ಪಶ್ಚಿಮಕ್ಕೆ ಓಕ್ ಮರ, ಒಣ ಹುಲ್ಲು, ಬೇಸಿಗೆಯಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಬಿಸಿಲು. ನಡುವೆ ಪೈನ್ ಕಾಡು. ಮೇಲೆ ಹಿಮ. ಮನೆಯ ಫೋಟೋದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಟ್ರಕೀ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಚಂದದ ಊರು. ಊರಿಗೇ ಸೇರಿದ ನೀರು, ಕರೆಂಟಿನ ವ್ಯವಸ್ಥೆ ಇದೆ, ಒಳ್ಳೆಯ ಆಸ್ಪತ್ರೆ ಇದೆ, ಪಕ್ಕದ ನೆವಾಡಾ ರಾಜ್ಯದ ರೀನೋ ನಗರ ಹತ್ತಿರ. ಆದರೆ ವರ್ಷಕ್ಕೆ ಸರಾಸರಿ 200 ಇಂಚಿನಷ್ಟು ಹಿಮ ಬೀಳುವ ಜಾಗ. ಅಂಗಳದ ಹಿಮ ತೆಗೆಯಬೇಕು, ಕೆಲವು ಸಲ ಛಾವಣಿಯದ್ದೂ ತೆಗೆಯಬೇಕು. ಸ್ಯಾಕ್ರಮೆಂಟೊ ಸುಮಾರು 100 ಮೈಲಿ, ಅದೂ ಡಾನರ್ ಹತ್ತಿ ಇಳಿದು. ಬಿರುಗಾಳಿ ದಿನ ಚಕ್ರಕ್ಕೆ ಚೈನ್ ಕಟ್ಟಿಸುತ್ತಾರೆ, ಇಲ್ಲವೇ ಹೆದ್ದಾರಿಯನ್ನೇ ಮುಚ್ಚುತ್ತಾರೆ. ನಿಮ್ಮ ಕೆಲಸ ರೀನೋದಲ್ಲಿದ್ದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಸ್ಯಾಕ್ರಮೆಂಟೊಗೆ ವಾರಕ್ಕೆ ಎರಡು ಸಲ ಅಂದರೆ ಬೇಡ.

ಈಗ ನಾರ್ತ್ ಸ್ಯಾನ್ ವಾನ್ ಮನೆ. ನಿಮಗೆ ಅದರ ಮೇಲೇ ಜಾಸ್ತಿ ಆಸೆ ಅಂತ ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. ಐದು ಎಕರೆ, ದಿಬ್ಬದ ಮೇಲೆ ಮನೆ, ಸುತ್ತ ಕಾಡು. ನಮಗೂ ಅಂಥದ್ದೇ ಒಂದು ಮನೆ ಹಿಡಿಸಿತ್ತು. ಅದು ಯಾಕೆ ಕೈಬಿಟ್ಟೆವು ಅಂತ ವಿವರವಾಗಿ ಹೇಳುತ್ತೇನೆ.

ಅಲ್ಲಿ ಹೆಚ್ಚಿನ ಮನೆಗಳಿಗೆ ಬೋರ್‌ವೆಲ್ಲೇ ಗತಿ. ಈ ಬೆಟ್ಟಗಳ ಅಡಿ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕಿನಲ್ಲಿ ಮಾತ್ರ. ಪಕ್ಕದ ಮನೆಯವರಿಗೆ ನಿಮಿಷಕ್ಕೆ 20 ಗ್ಯಾಲನ್ ಸಿಕ್ಕಿದೆ ಅಂದರೆ ನಿಮಗೂ ಸಿಗುತ್ತದೆ ಅಂತೇನಿಲ್ಲ. ನಾವು ನೋಡಿದ ಮನೆಯ ಕಾಗದದಲ್ಲಿ ನಿಮಿಷಕ್ಕೆ ಎಂಟು ಗ್ಯಾಲನ್ ಅಂತ ಬರೆದಿತ್ತು. ನಾಲ್ಕು ಗಂಟೆಯ ಪಂಪ್ ಟೆಸ್ಟ್ ಮಾಡಿಸುತ್ತೇವೆ ಅಂದೆವು. ಮೊದಲ ಅರ್ಧ ಗಂಟೆ ಹೇಳಿದಂತೆಯೇ ನೀರು ಬಂತು. ಎರಡನೇ ಗಂಟೆಗೆ ಧಾರೆ ಸಣ್ಣಗಾಯಿತು. ಮೂರನೇ ಗಂಟೆಯಲ್ಲಿ ಪೈಪು ಬುಸ್ ಬುಸ್ ಅಂತ ಗಾಳಿ ಉಗುಳಿತು, ಆಮೇಲೆ ಇಟ್ಟಿಗೆ ಬಣ್ಣದ ಕೆಸರು. ಬಕೆಟ್ ಹಿಡಿದು ಅಳೆದರೆ ನಿಮಿಷಕ್ಕೆ ಒಂದೂವರೆ ಗ್ಯಾಲನ್ ಕೂಡ ಇಲ್ಲ. ಅದು ಮಾರ್ಚ್ ತಿಂಗಳು, ಮಳೆಗಾಲ ಆಗಷ್ಟೇ ಮುಗಿಯುತ್ತಿತ್ತು. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ ಅಲ್ವಾ, ಬೇಸಿಗೆ ಪೂರ್ತಿ ಹನಿ ಬೀಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಆ ಬೋರ್ ಏನು ಕೊಡುತ್ತಿತ್ತು ಅಂತ ನೀವೇ ಯೋಚಿಸಿ. ಆದ್ದರಿಂದ ಕಾಗದದ ಲೆಕ್ಕ ನಂಬಬೇಡಿ. ಹೊಸದಾಗಿ ಟೆಸ್ಟ್ ಮಾಡಿಸಿ, ನಿಂತು ನೋಡಿ, ನೀರನ್ನು ಲ್ಯಾಬಿಗೂ ಕಳಿಸಿ.

ಕೌಂಟಿಯ ಬೇರೆ ಕಡೆ ನೆವಾಡಾ ಇರಿಗೇಷನ್ ಡಿಸ್ಟ್ರಿಕ್ಟ್ ನೀರು ಕೊಡುತ್ತದೆ. 1921ರಲ್ಲಿ ಶುರುವಾದ ಸಂಸ್ಥೆ, ಎಲ್ಲರೂ ಎನ್‌ಐಡಿ ಅನ್ನುತ್ತಾರೆ. ಚಿನ್ನದ ಗಣಿಗಳ ಕಾಲದಲ್ಲಿ ತೋಡಿದ ಕಾಲುವೆಗಳು ಇವತ್ತಿಗೂ ಬಳಕೆಯಲ್ಲಿವೆ. ಜಾಹೀರಾತಿನಲ್ಲಿ 'ಎನ್‌ಐಡಿ ವಾಟರ್' ಅಂತ ಕಂಡರೆ ಯಾವ ನೀರು ಅಂತ ಕೇಳಿ. ಶುದ್ಧ ಮಾಡಿದ ನಲ್ಲಿ ನೀರು ಬೇರೆ, ಕಾಲುವೆ ನೀರು ಬೇರೆ. ಕಾಲುವೆಯದ್ದು ತೋಟಕ್ಕೆ ಮಾತ್ರ, ಕುಡಿಯಲು ಆಗುವುದಿಲ್ಲ. ಅದನ್ನು 'ಮೈನರ್ಸ್ ಇಂಚ್' ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಇಂಚು ಅಂದರೆ ನಿಮಿಷಕ್ಕೆ 11.22 ಗ್ಯಾಲನ್. ಬೇಸಿಗೆಯ ಸರದಿ ಏಪ್ರಿಲ್ 15ರಿಂದ ಅಕ್ಟೋಬರ್ 14ರವರೆಗೆ. ಕಾಲುವೆ ನೋಡಿಕೊಳ್ಳುವವರು ಪಿಕಪ್‌ನಲ್ಲಿ ಬಂದು ತೂಬು ಸರಿಮಾಡಿ ಹೋಗುವುದನ್ನು ಮೊದಲ ಸಲ ನೋಡಿದಾಗ ನಮ್ಮೂರ ಕೆರೆಯ ನೀರಗಂಟಿ ಕಣ್ಣ ಮುಂದೆ ಬಂದ.

ಇನ್ನು ಕರೆಂಟು. ಬೋರ್‌ವೆಲ್ ಇದ್ದರೆ ಕರೆಂಟು ಹೋದ ಕೂಡಲೇ ನೀರೂ ಹೋಗುತ್ತದೆ. ಇದು ಕೇಳಲು ಸಣ್ಣ ವಿಷಯ. 2021ರ ಡಿಸೆಂಬರ್ ಕೊನೆಯಲ್ಲಿ, ಕ್ರಿಸ್ಮಸ್ ಕಳೆದ ಮೇಲೆ, ಒದ್ದೆ ಹಿಮ ಬಿತ್ತು. ನಮ್ಮ ಎತ್ತರಕ್ಕೆ ಅಷ್ಟು ಹಿಮ ಅಪರೂಪ. ರಾತ್ರಿಯಿಡೀ ಪೈನ್ ಕೊಂಬೆಗಳು ಗುಂಡು ಹೊಡೆದ ಹಾಗೆ ಮುರಿದು ಬೀಳುತ್ತಿದ್ದವು. ತಂತಿಗಳೂ ಜೊತೆಗೇ ಬಿದ್ದವು. ನಮ್ಮ ಮನೆಗೆ ಒಂಬತ್ತು ದಿನ ಕರೆಂಟಿಲ್ಲ. ನಮ್ಮದೂ ಬೋರ್‌ವೆಲ್ ಮನೆಯೇ, ಆಗ ಜನರೇಟರ್ ಇರಲಿಲ್ಲ. ಟಾಯ್ಲೆಟ್ಟಿಗೆ ಸುರಿಯಲು ಹಿಮ ಕರಗಿಸಿದೆವು. ದೊಡ್ಡ ಪಾತ್ರೆಯಲ್ಲಿ ಒತ್ತಿ ತುಂಬಿದ ಹಿಮ ಕರಗಿದರೆ ತಳದಲ್ಲಿ ಒಂದೆರಡು ಚೊಂಬು ನೀರು, ಮೇಲೆ ತೇಲುವ ಪೈನ್ ಎಲೆ. ಅಷ್ಟೇ. ಅಮ್ಮ ಆಗ ನಮ್ಮ ಜೊತೆಯಲ್ಲೇ ಇದ್ದರು. ಅವರು ಕಟ್ಟಿಗೆ ಒಲೆ ಊದಿ ಬೆಳೆದವರು, ಹಾಗಾಗಿ ಕಟ್ಟಿಗೆ ಸ್ಟವ್ ಆರದಂತೆ ನೋಡಿಕೊಂಡು ಅದರ ಮೇಲೇ ಗಂಜಿ ಬೇಯಿಸಿದರು. ಆದರೆ ಅವರ ಬಿಪಿ ಮಾತ್ರೆ ಮುಗಿಯಲು ನಾಲ್ಕು ದಿನ ಉಳಿದಿತ್ತು, ನಮ್ಮ ಖಾಸಗಿ ರಸ್ತೆಗೆ ಅಡ್ಡಲಾಗಿ ಎರಡು ಮರ. ಮರ ಕಡಿದು ದಾರಿ ಬಿಡಿಸಿದ್ದು ಕೌಂಟಿಯವರಲ್ಲ, ನಾವು ಮತ್ತು ಅಕ್ಕಪಕ್ಕದವರು. ವಯಸ್ಸಾದವರು ಮನೆಯಲ್ಲಿರುತ್ತಾರೆ ಅಂದಾಗ ನನಗೆ ಮೊದಲು ನೆನಪಾಗುವುದು ಆ ಒಂಬತ್ತು ದಿನ.

ಹಿಮ ಒಂದೇ ಅಲ್ಲ. ಶರತ್ಕಾಲದಲ್ಲಿ ಒಣ ಗಾಳಿ ಬೀಸಿದರೆ ಬೆಂಕಿ ಹತ್ತದಿರಲಿ ಅಂತ ಕರೆಂಟನ್ನು ಬೇಕೆಂದೇ ತೆಗೆಯುತ್ತಾರೆ. 2019ರ ಅಕ್ಟೋಬರ್‌ನಲ್ಲಿ ದಿನಗಟ್ಟಲೆ ತೆಗೆದಿದ್ದರು. ಮನೆಯಿಂದ ಕೆಲಸ ಮಾಡುವ ನಿಮಗೆ ಇದು ಸಂಬಳದ ವಿಷಯ. ಇಂಟರ್ನೆಟ್ ಕೂಡ ಊರಿನ ಹೆಸರು ಹೇಳಿ ವಿಚಾರಿಸಬೇಡಿ, ಆ ಮನೆಯ ನಂಬರ್ ಕೊಟ್ಟು ವಿಚಾರಿಸಿ. ಒಂದು ತಿರುವು ದಾಟಿದರೆ ಫೈಬರ್ ನಿಂತುಹೋಗಿರುತ್ತದೆ.

ಬೆಂಕಿಯ ವಿಷಯ ಎಲ್ಲಕ್ಕಿಂತ ಮುಖ್ಯ. 1988ರ ಸೆಪ್ಟೆಂಬರ್‌ನಲ್ಲಿ '49ಅರ್ ಫೈರ್' 33,000 ಎಕರೆಗಿಂತ ಜಾಸ್ತಿ ಸುಟ್ಟಿತು. 300ಕ್ಕೂ ಹೆಚ್ಚು ಕಟ್ಟಡ ಹೋದವು. ಅದು ಶುರುವಾದದ್ದು ಮೇಲಿನ ಕಾಡಿನ ಕಡೆ, ಇಳಿದು ಬಂದದ್ದು ಲೇಕ್ ವೈಲ್ಡ್‌ವುಡ್ ಕಡೆಗೇ. ಆದ್ದರಿಂದ ಗೇಟಿನ ಒಳಗಿದ್ದರೆ ಭಯವಿಲ್ಲ ಅಂದುಕೊಳ್ಳಬೇಡಿ. 2020ರ ಆಗಸ್ಟ್‌ನಲ್ಲಿ ನೆವಾಡಾ ಸಿಟಿ ಪಕ್ಕ ಸಿಡಿಲಿಗೆ 'ಜೋನ್ಸ್ ಫೈರ್' ಹತ್ತಿತು. ಮರು ವರ್ಷ 'ರಿವರ್ ಫೈರ್' ಕೋಲ್‌ಫ್ಯಾಕ್ಸ್, ಚಿಕಾಗೊ ಪಾರ್ಕ್ ಕಡೆ 142 ಕಟ್ಟಡ ತೆಗೆದುಕೊಂಡಿತು. ಈ ಕೌಂಟಿಯಲ್ಲಿ ಬೆಂಕಿಯ ಭಯ ಇಲ್ಲದ ಜಾಗ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆದರೆ ಜಾಗದಿಂದ ಜಾಗಕ್ಕೆ ವ್ಯತ್ಯಾಸ ಖಂಡಿತ ಇದೆ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಕಣಿವೆಯ ನೋಟ ಚೆನ್ನಾಗಿ ಕಾಣುವ ದಿಬ್ಬದ ಮನೆಗೇ ಅಪಾಯ ಜಾಸ್ತಿ. ನಿಮ್ಮ ಐದು ಎಕರೆ ಮನೆ ಅಂಥದ್ದು. ಅಲ್ಲಿಂದ ಹೊರಬರಲು ಒಂದೇ ರಸ್ತೆಯೇ? ಅದರಲ್ಲಿ ಕೆಳಗೆ ಹೋಗುವ ಕಾರಿಗೂ ಮೇಲೆ ಬರುವ ಫೈರ್ ಎಂಜಿನ್ನಿಗೂ ಒಟ್ಟಿಗೆ ಜಾಗ ಇದೆಯೇ? ಅಲ್ಲಿಂದ ಗ್ರಾಸ್ ವ್ಯಾಲಿಗೆ ಬರಬೇಕಾದರೆ ಹೈವೇ 49ರಲ್ಲಿ ಸೌತ್ ಯೂಬಾ ಕಣಿವೆ ಇಳಿದು ಹತ್ತಬೇಕು. ಹಗಲು ಒಮ್ಮೆ, ರಾತ್ರಿ ಒಮ್ಮೆ ಓಡಿಸಿ ನೋಡಿ.

ವಿಮೆ ಸಿಗದಿದ್ದರೆ ಸಾಲವೂ ಸಿಗುವುದಿಲ್ಲ. ಇದರಲ್ಲಿ ನಾವು ಪೆಟ್ಟು ತಿಂದಿದ್ದೇವೆ. ಫೋನಿನಲ್ಲಿ ಸರಿ ಅಂದ ಕಂಪನಿ, ಎಸ್ಕ್ರೋ (ಹಣ, ಕಾಗದ ಮೂರನೆಯವರ ಬಳಿ ಇಟ್ಟು ಖರೀದಿ ಮುಗಿಸುವ ಹಂತ) ನಡೆಯುತ್ತಿರುವಾಗ ಛಾವಣಿ ಮೇಲೆ ಬಾಗಿದ ಕೊಂಬೆಗಳ ಫೋಟೋ ನೋಡಿ ಬೇಡ ಅಂದಿತು. ಕೊನೆಗೆ ಫೇರ್ ಪ್ಲಾನ್ ಅನ್ನುವ ವಿಮೆ ತೆಗೆದುಕೊಂಡೆವು. ಬೇರೆ ಯಾರೂ ಕೊಡದಿದ್ದಾಗ ಇರುವ ದಾರಿ ಅದು. ಅದರಲ್ಲಿ ಮುಖ್ಯವಾಗಿ ಬೆಂಕಿಯ ನಷ್ಟ ಮಾತ್ರ ಸೇರುತ್ತದೆ. ಕಳ್ಳತನ, ಪೈಪು ಒಡೆಯುವುದು, ಬಂದವರು ಬಿದ್ದು ಪೆಟ್ಟಾಗುವುದು, ಇದಕ್ಕೆಲ್ಲ ಇನ್ನೊಂದು ಪಾಲಿಸಿ ಬೇಕು. ಎರಡೂ ಸೇರಿಸಿದ ಮೊತ್ತವನ್ನು ಕೈಯಲ್ಲಿ ಬರೆದುಕೊಂಡ ಮೇಲೆಯೇ ಆಫರ್ ಹಾಕಿ. ಮಾರುವವರ ಹತ್ತಿರ ಮನೆ ಸುತ್ತ 100 ಅಡಿ ಪೊದೆ ತೆಗೆದಿದ್ದಾರೆ ಅನ್ನುವ ತಪಾಸಣೆ ಕಾಗದ ಕೇಳಿ. ಅಪಾಯ ಹೆಚ್ಚಿರುವ ವಲಯದಲ್ಲಿ ಅದು 2021ರ ಜುಲೈಯಿಂದ ಕಾನೂನೇ ಆಗಿದೆ.

ಲೇಕ್ ವೈಲ್ಡ್‌ವುಡ್ ನಿಮ್ಮ ಮೂರರಲ್ಲಿ ಹೆಚ್ಚು ನೆಮ್ಮದಿಯದು. ನಲ್ಲಿ ನೀರಿದೆ, ಒಳಚರಂಡಿ ಇದೆ, ಸೆಪ್ಟಿಕ್ ಚಿಂತೆಯಿಲ್ಲ. ಹಿಮ ಇಲ್ಲವೆನ್ನುವಷ್ಟು ಕಡಿಮೆ. ಸಂಜೆ ಅತ್ತೆ ಮಾವ ಕೆರೆ ಪಕ್ಕ ನಡೆದಾಡಬಹುದು. ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದ ಶುಲ್ಕ ಇರುತ್ತದೆ, ನಿಯಮಗಳೂ ಇರುತ್ತವೆ. ಬೇಲಿ, ಬಣ್ಣ, ಮರ ಕಡಿಯುವುದು, ಎಲ್ಲಕ್ಕೂ ಕೇಳಬೇಕಾಗಬಹುದು. ಸಹಿ ಹಾಕುವ ಮೊದಲು ಆ ನಿಯಮ ಪುಸ್ತಕ ಪೂರ್ತಿ ಓದಿ. ನನ್ನ ತಕರಾರು ಎರಡೇ: ಜುಲೈ ಆಗಸ್ಟ್ ಬಿಸಿಲು, ಮತ್ತು ನಿಮ್ಮ ಆಫೀಸಿನ ದಾರಿ. ಸ್ಯಾಕ್ರಮೆಂಟೊಗೆ ಹೋಗಲು ಗ್ರಾಸ್ ವ್ಯಾಲಿ ಕಡೆ ಹಿಂದೆ ಬರಬೇಕು, ಇಲ್ಲವೇ ಮೇರಿಸ್ವಿಲ್ ಸುತ್ತಬೇಕು.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಇಲ್ಲದ ಎರಡು ಜಾಗ ಸೇರಿಸಿ ಅಂತ ನನ್ನ ಮಾತು. ಒಂದು, ಗ್ರಾಸ್ ವ್ಯಾಲಿ ಊರಿನ ಒಳಗೇ. ಊರಿನ ನೀರು, ಆಸ್ಪತ್ರೆ ಹತ್ತು ನಿಮಿಷ, ಔಷಧಿ ಅಂಗಡಿಗೆ ಮಾವ ನಡೆದೇ ಹೋಗಬಹುದು. ಸ್ಯಾಕ್ರಮೆಂಟೊ ಸುಮಾರು 60 ಮೈಲಿ. ಐದು ಎಕರೆ ಸಿಗುವುದಿಲ್ಲ, ಹಿತ್ತಲು ಸಿಗುತ್ತದೆ. ಎರಡು, ದಕ್ಷಿಣಕ್ಕೆ ಲೇಕ್ ಆಫ್ ದಿ ಪೈನ್ಸ್. ಅದೂ ಗೇಟಿರುವ ಬಡಾವಣೆ, ಎಚ್‌ಒಎ ಇದೆ, ಆದರೆ ಸ್ಯಾಕ್ರಮೆಂಟೊ ದಾರಿಯಲ್ಲಿರುವ ಆಬರ್ನ್‌ಗೆ ಹತ್ತಿರ. ಬೇರ್ ರಿವರ್ ಹೈಸ್ಕೂಲ್ ಆ ಕಡೆಯೇ ಇದೆ, ಮಗಳು ದೊಡ್ಡವಳಾದಾಗ ಅನುಕೂಲ. ಇವೆರಡರ ನಡುವೆ ಆಲ್ಟಾ ಸಿಯೆರಾ ಇದೆ. ಮರಗಳ ನಡುವೆ ಮನೆ ಬೇಕು ಅನ್ನುವ ಆಸೆಗೆ ಅದು ಸ್ವಲ್ಪ ಸಮಾಧಾನ ಕೊಡಬಹುದು. ಅಲ್ಲಿ ಸೆಪ್ಟಿಕ್ ಸಾಮಾನ್ಯ, ಟ್ಯಾಂಕ್ ತೆರೆಸಿ ನೋಡಿಸಿ.

ಗ್ರಾಸ್ ವ್ಯಾಲಿ ಸುತ್ತ ಕೊಂಡರೆ ಇನ್ನೊಂದು ನೋಡಬೇಕು. ಊರಿನ ಅಡಿ ಹಳೆಯ ಗಣಿಗಳಿವೆ. ಎಂಪೈರ್ ಮೈನ್ ಒಂದರಲ್ಲೇ 1850ರಿಂದ 1956ರವರೆಗೆ 367 ಮೈಲಿ ಸುರಂಗ ತೋಡಿದ್ದಾರೆ. ಮನೆ ನಿಮ್ಮದಾದರೂ ನೆಲದಡಿಯ ಖನಿಜದ ಹಕ್ಕು ಬೇರೆಯವರ ಹೆಸರಿನಲ್ಲಿರಬಹುದು. ಐಡಾಹೊ ಮೇರಿಲ್ಯಾಂಡ್ ಗಣಿಯನ್ನು ಮತ್ತೆ ತೆರೆಯುವ ಅರ್ಜಿಯನ್ನು ಕೌಂಟಿ 2024ರ ಫೆಬ್ರವರಿಯಲ್ಲಿ ತಿರಸ್ಕರಿಸಿತು. ಅದಕ್ಕೆ ಮೊದಲು ಅಲ್ಲಿನ ಜನ ತಮ್ಮ ಬೋರ್‌ವೆಲ್ ಏನಾಗುತ್ತದೋ ಅಂತ ವರ್ಷಗಟ್ಟಲೆ ಚಿಂತೆಯಲ್ಲಿದ್ದರು. ಟೈಟಲ್ ರಿಪೋರ್ಟಿನಲ್ಲಿ, ಅಂದರೆ ಆಸ್ತಿಯ ಹಕ್ಕಿನ ವರದಿಯಲ್ಲಿ, ಖನಿಜದ ಹಕ್ಕಿನ ಸಾಲು ಹುಡುಕಿ.

ಮುಂದಿನ ಸಲ ಶನಿವಾರ ಬರಬೇಡಿ, ಆಫೀಸಿನ ದಿನ ಬನ್ನಿ. ಬೆಳಿಗ್ಗೆ ಏಳಕ್ಕೆ ಹೈವೇ 49ರಲ್ಲಿ ಆಬರ್ನ್‌ವರೆಗೆ ಓಡಿಸಿ. ಆಮೇಲೆ ಪ್ರತಿ ಮನೆಯ ಅಕ್ಕಪಕ್ಕದವರನ್ನು ಮಾತಾಡಿಸಿ. ಇಲ್ಲಿನ ಜನ ಒಳ್ಳೆಯವರು, ನಿಂತು ಮಾತಾಡುತ್ತಾರೆ. "2021ರ ಡಿಸೆಂಬರ್‌ನಲ್ಲಿ ನಿಮಗೆ ಎಷ್ಟು ದಿನ ಕರೆಂಟ್ ಇರಲಿಲ್ಲ? ನೀರಿಗೆ ಏನು ಮಾಡಿದಿರಿ?" ಅಂತ ಕೇಳಿ. ಉತ್ತರ ಬರೆದುಕೊಂಡು ಬನ್ನಿ, ಬೇಕಾದರೆ ಇಲ್ಲೇ ಹಾಕಿ. ಒಟ್ಟಿಗೆ ಕೂತು ನೋಡೋಣ.