ಪತಂಗ ದೊಡ್ಡದೋ, ಬಾವಲಿ ದೊಡ್ಡದೋ?

ಪ್ರಶ್ನೆ: ಮಳೆಗಾಲದ ರಾತ್ರಿ ನಮ್ಮ ಅಂಗಳದ ದೀಪಕ್ಕೆ ಬಂದ ಪತಂಗವು ಹೆಂಚಿನ ಸಂದಿಯಿಂದ ಹೊರಡುವ ಬಾವಲಿಗಿಂತ ದೊಡ್ಡದಾಗಿ ಕಂಡಿತು. ಇದು ಸಾಧ್ಯವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಖಂಡಿತ ಸಾಧ್ಯ. ಕಂದುಗೆಂಪು ರೆಕ್ಕೆಗಳಲ್ಲಿ ಗಾಜಿನಂತೆ ಪಾರದರ್ಶಕವಾದ ತ್ರಿಕೋನಗಳಿದ್ದರೆ ನೀವು ಕಂಡದ್ದು ಅಟ್ಲಾಸ್ ಪತಂಗವೇ ಇರಬೇಕು. ಈ ಜಾತಿಯ ಪತಂಗಗಳ ರೆಕ್ಕೆಯ ಹರವು 24 ಸೆಂ.ಮೀ. ಮುಟ್ಟುವುದುಂಟು. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ನ ಗುಹೆಗಳಲ್ಲಿರುವ, ಕೇವಲ 2 ಗ್ರಾಂ ತೂಗುವ ಕಿಟ್ಟಿ ಬಾವಲಿಯ ಹರವು ಸುಮಾರು 17 ಸೆಂ.ಮೀ. ಮಾತ್ರ. ಆದರೆ ಬಾವಲಿಯ ರೆಕ್ಕೆ ಎಂದರೆ ನೀಳವಾದ ಬೆರಳೆಲುಬುಗಳ ನಡುವೆ ಹರಡಿದ ಜೀವಂತ ಚರ್ಮ. ಪತಂಗದ ರೆಕ್ಕೆಯ ಮೇಲಿರುವುದು ಮುಟ್ಟಿದರೆ ಬೆರಳಿಗೆ ಪುಡಿಯಾಗಿ ಅಂಟುವ ಹುರುಪೆಗಳು. ಕಚ್ಚೀತೆಂದು ಪೊರಕೆ ಹಿಡಿಯುವವರೂ ಇದ್ದಾರೆ (ಪಾಪದ ಪತಂಗ!), ಆದರೆ ಪ್ರೌಢ ಅಟ್ಲಾಸ್‌ಗೆ ಉಣ್ಣುವ ಬಾಯಿಯೇ ಇಲ್ಲ, ಕಂಬಳಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಅದು ಒಂದೆರಡು ವಾರ ಬದುಕುತ್ತದೆ.