ಕಸದ ಬುಟ್ಟಿಗೆ ಬಿದ್ದ ನಿದ್ರೆ ಗುಳಿಗೆ

ಡೊಂಬಿವಲಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆ ನೋಡಿಕೊಂಡಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ವರ್ಷ ಡಾಕ್ಟರು ಬರೆದುಕೊಟ್ಟ ಅಲ್ಪ್ರಾಜೊಲಾಮ್ ಗುಳಿಗೆಯನ್ನು ಅಂದಿನಿಂದ ರಾತ್ರಿಗೊಂದರಂತೆ ನುಂಗುತ್ತ ಬಂದಿದ್ದಾರೆ. ಮೊನ್ನೆ ಮಗ ಮೊಬೈಲಿನಲ್ಲಿ ಏನೋ ಓದಿ, "ಇದು ಡ್ರಗ್ಸ್ ಅಪ್ಪಾ" ಎಂದು ಇದ್ದ ಸ್ಟ್ರಿಪ್ಪನ್ನೆಲ್ಲ ಕಸದ ಬುಟ್ಟಿಗೆ ಹಾಕಿದನಂತೆ. ಮೂರನೇ ರಾತ್ರಿಗೆ ಕೈನಡುಕ, ಬೆವರು, ಎದೆಬಡಿತ. ತಡೆಯಲಾರದೆ ಹಳೇ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗಿ ತಂದು ನುಂಗಿದ್ದಾರೆ. ಅವರ ಪ್ರಶ್ನೆಗಳು: "ನಾನು ನಶೆಕೋರನಾದೆನೇ? ಡಾಕ್ಟರು ನನಗೆ ಮೋಸ ಮಾಡಿದರೇ? ಬದಲಿ ಗುಳಿಗೆಯ ಹೆಸರೊಂದನ್ನು ನೀವೇ ತಿಳಿಸಿ."

ಮಾನ್ಯರೇ,

ಮೊದಲು ತುರ್ತಿನ ಮಾತು. ವರ್ಷಗಟ್ಟಲೆ ತೆಗೆದುಕೊಂಡ ಈ ಗುಳಿಗೆಯನ್ನು ದಿಢೀರನೆ ನಿಲ್ಲಿಸಬಾರದು. ನಿಮ್ಮ ಕೈನಡುಕ ಹಟವೂ ಅಲ್ಲ, ದೌರ್ಬಲ್ಯವೂ ಅಲ್ಲ. ಕೆಲವರಿಗೆ ಈ ಹಂತದಲ್ಲಿ ಫಿಟ್ಸ್ ಬರುತ್ತದೆ, ಮತಿಭ್ರಮಣೆಯೂ ಆಗಬಹುದು. 2020ರ ಲಾಕ್‌ಡೌನಿನಲ್ಲಿ ಸೇಂದಿ ಅಂಗಡಿಗಳು ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಜನ ಗುಂಪುಗುಂಪಾಗಿ ಬಂದಿದ್ದರು. ಅಲ್ಲಿನ ಕಲಬೆರಕೆ ಸೇಂದಿಗೆ ಬೆರೆಸುವ ಪದಾರ್ಥಗಳಲ್ಲಿ ನಿಮ್ಮ ಇದೇ ಅಲ್ಪ್ರಾಜೊಲಾಮ್ ಕೂಡ ಒಂದು. ತಾವು ಕುಡಿಯುತ್ತಿದ್ದುದು ಬರೀ ಸೇಂದಿ ಎಂದೇ ಅವರಲ್ಲಿ ಎಷ್ಟೋ ಮಂದಿ ನಂಬಿದ್ದರು.

ಮೆದುಳಿನಲ್ಲಿ ನರಗಳ ಗದ್ದಲವನ್ನು ತಗ್ಗಿಸಲು ಗಾಬಾ ಎಂಬ ರಾಸಾಯನಿಕವಿದೆ. ಈ ಗುಳಿಗೆ ಅದರ ಕೈಬಲ ಹೆಚ್ಚಿಸುತ್ತದೆ, ಅಷ್ಟೇ. ನಿಮಗೆ ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ: ಹೊರಗಿನಿಂದ ಒಬ್ಬ ಚುರುಕಿನ ಆಳು ಬಂದರೆ ಮನೆಯ ಆಳುಗಳು ಮೆಲ್ಲಗೆ ಕೈಕಟ್ಟಿ ನಿಲ್ಲುತ್ತಾರೆ. ಅವನು ಒಂದು ಬೆಳಿಗ್ಗೆ ಹೇಳದೇ ಕೇಳದೇ ನಾಪತ್ತೆಯಾದರೆ ಗಿರಾಕಿಗಳ ಗತಿ ಏನು? ಮೂರನೇ ರಾತ್ರಿ ನಿಮ್ಮ ಮೈಯಲ್ಲಿ ಆದದ್ದು ಅದು.

ಇನ್ನು ಮಗ ಹೇಳಿದ "ಡ್ರಗ್ಸ್" ಆರೋಪ. ನಿಮ್ಮ ಗುಳಿಗೆ ಬೆಂಜೊಡಯಾಜೆಪೀನ್ ಎಂಬ ವರ್ಗಕ್ಕೆ ಸೇರಿದ್ದು; ಇವುಗಳ ಕಥೆ ಶುರುವಾಗುವುದು ಸಜ್ಜನಿಕೆಯಿಂದಲೇ. 1903ರಿಂದ ನಿದ್ರೆಗೆಂದು ಕೊಡುತ್ತಿದ್ದುದು ಬಾರ್ಬಿಟುರೇಟ್ ಗುಳಿಗೆಗಳನ್ನು. ಅವುಗಳಲ್ಲಿ ನಿದ್ರೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ಕಡಿಮೆ. ಹಿಟ್ಲರನ ಕಾಲದಲ್ಲಿ, 1941ರಲ್ಲಿ, ಯುರೋಪು ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ ರಸಾಯನಶಾಸ್ತ್ರಜ್ಞ ಲಿಯೋ ಸ್ಟರ್ನ್‌ಬಾಕ್, ನ್ಯೂಜೆರ್ಸಿಯ ರೋಶ್ ಕಂಪನಿಯಲ್ಲಿ ಹೊಸ ಶಮನಕಾರಿಯೊಂದನ್ನು ಹುಡುಕುತ್ತಿದ್ದರು. ಕೆಲಸ ಕೈಗೂಡದೆ ಮೂಲೆಗೆ ಬಿದ್ದಿತ್ತು. 1957ರಲ್ಲಿ ಪ್ರಯೋಗಾಲಯ ಗುಡಿಸಿ ಒಪ್ಪಮಾಡುವಾಗ, ಎಂದೋ ತಯಾರಿಸಿ ಪರೀಕ್ಷೆಗೇ ಕಳಿಸದೆ ಬಿಟ್ಟಿದ್ದ ಹರಳು ಸಹೋದ್ಯೋಗಿಯ ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕೊಟ್ಟರು. ಅದು 1960ರಲ್ಲಿ ಈ ವರ್ಗದ ಮೊದಲ ಗುಳಿಗೆ ಲಿಬ್ರಿಯಂ ಆಯಿತು, 1963ರಲ್ಲಿ ಅದರ ತಮ್ಮ ವ್ಯಾಲಿಯಂ ಬಂತು. ನಮ್ಮ ದೇಶದಲ್ಲಿ ವ್ಯಾಲಿಯಂನ ಮದ್ದೇ ಕಾಂಪೋಸ್ ಎಂಬ ಹೆಸರಿನಲ್ಲಿ ಮನೆಮನೆಗೆ ಬಂತು. ಹಿಂದಿನ ತಲೆಮಾರಿನ ಮುಂಬಯಿ ಕನ್ನಡಿಗರಿಗೆ ಆ ಹೆಸರು ಪರಿಚಯಿಸಬೇಕಿಲ್ಲ.

ಇವತ್ತಿಗೂ ಬಿಡದ ಫಿಟ್ಸ್ ತಡೆಯಲು, ಕುಡಿತ ಬಿಡುವವರ ನಡುಕ ಇಳಿಸಲು, ಆಪರೇಷನ್ನಿಗೆ ಮುನ್ನ ರೋಗಿಯ ಭಯ ತಗ್ಗಿಸಲು ಆಸ್ಪತ್ರೆಗಳಿಗೆ ಈ ವರ್ಗದ ಮದ್ದುಗಳೇ ಬೇಕು. ಇವನ್ನು ವಿಷ ಎನ್ನುವವರು ಒಮ್ಮೆ ಅಪಸ್ಮಾರದ ಮಗುವಿನ ತಾಯಿಯನ್ನು ಕೇಳಬೇಕು.

ಹಾಗಾದರೆ ಎಡವಟ್ಟಾದದ್ದೆಲ್ಲಿ? ಅವಧಿಯಲ್ಲಿ. ನಿದ್ರೆಗೆ ಕೊಟ್ಟರೂ ಎರಡರಿಂದ ನಾಲ್ಕು ವಾರ ಮೀರಬಾರದು ಎಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಹೇಳಿತ್ತು. ನಿಮ್ಮ ಗುಳಿಗೆಯಂತೂ ಮೂಲತಃ ನಿದ್ರೆಯದ್ದಲ್ಲ, ಆತಂಕ ಮತ್ತು ಪ್ಯಾನಿಕ್‌ನದ್ದು. ಸಾವಿನ ಮನೆಯಲ್ಲಿ ಕೆಲವು ರಾತ್ರಿಗಳ ಮಟ್ಟಿಗೆ ಅದನ್ನು ಬರೆದ ಡಾಕ್ಟರನ್ನು ನಾನು ದೂರಲಾರೆ. ಆದರೆ ಯಾವಾಗ ನಿಲ್ಲಿಸಬೇಕೆಂದು ಅವರು ಹೇಳಲಿಲ್ಲ, ನೀವು ಮತ್ತೆ ತೋರಿಸಲೂ ಇಲ್ಲ. ಮೆಡಿಕಲ್‌ನವನೋ, ಕೇಳಲೇ ಇಲ್ಲ. 2014ರಿಂದ ಷೆಡ್ಯೂಲ್ ಎಚ್1 ಎಂಬ ಔಷಧ ಪಟ್ಟಿಯ ನಿಯಮ ಜಾರಿಯಲ್ಲಿದೆ: ಇಂಥ ಮದ್ದು ಮಾರುವಾಗ ಡಾಕ್ಟರ, ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮಾಸಿದ ಚೀಟಿಗೆ ಮತ್ತೆ ಮತ್ತೆ ಸ್ಟ್ರಿಪ್ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ.

ನೀವು ನಶೆಕೋರರಲ್ಲ. ಪ್ರಮಾಣ ಏರಿಸಿಲ್ಲ, ಮತ್ತಿಗಾಗಿ ನುಂಗಿಲ್ಲ. ಮೈ ಮಾತ್ರ ಒಗ್ಗಿಹೋಗಿದೆ. ಹಾಗೆಂದು ನಿಶ್ಚಿಂತೆಯೂ ಬೇಡ. ವಯಸ್ಸಾದವರ ದೇಹ ಈ ಮದ್ದನ್ನು ಹೊರಹಾಕುವುದು ನಿಧಾನ. ನಡುರಾತ್ರಿ ಬಚ್ಚಲಿಗೆ ಎದ್ದು ತೂಕಡಿಕೆಯಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು, ಮರೆವು ಹೆಚ್ಚುವುದು ಇದರಿಂದ ಆಗುತ್ತದೆ. ಮದುವೆ ಪಾರ್ಟಿಯಲ್ಲಿ ಎರಡು ಪೆಗ್ ಹಾಕಿ ಮನೆಗೆ ಬಂದು ಇದನ್ನು ನುಂಗುವ ಅಭ್ಯಾಸವಿದ್ದರೆ ಇಂದೇ ಬಿಡಿ. ಮದ್ಯ, ಅಫೀಮು ವರ್ಗದ ನೋವುಗುಳಿಗೆ, ಇದು ಸೇರಿದರೆ ಉಸಿರಾಟವೇ ನಿಂತುಹೋಗಬಹುದು.

ಬದಲಿ ಗುಳಿಗೆಯ ಹೆಸರು ನಾನು ಬರೆಯುವುದಿಲ್ಲ. ಪತ್ರಿಕೆ ಔಷಧದ ಚೀಟಿಯಲ್ಲ. ಮನೋವೈದ್ಯರೊಬ್ಬರನ್ನು ಕಂಡು "ಇದನ್ನು ಇಳಿಸಿಕೊಡಿ" ಎಂದು ಕೇಳಿ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿದು, ಸ್ವಲ್ಪ ಸ್ವಲ್ಪವೇ ಪ್ರಮಾಣ ತಗ್ಗಿಸುತ್ತಾರೆ. ಜೊತೆಗೆ ನಿದ್ರಾಹೀನತೆಗೆಂದೇ ಒಂದು ಅಭ್ಯಾಸ ಚಿಕಿತ್ಸೆಯಿದೆ: ಏಳುವ ಹೊತ್ತು ದಿನವೂ ಒಂದೇ, ನಿದ್ರೆ ಬಂದಾಗ ಮಾತ್ರ ಹಾಸಿಗೆ, ಬಾರದಿದ್ದರೆ ಎದ್ದು ಬೇರೆ ಕೋಣೆ. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಬೇರೆ ಕೋಣೆ ಎಲ್ಲಿ ಎಂದು ನೀವು ನಗಬಹುದು, ಅಡುಗೆಮನೆಯ ಸ್ಟೂಲೂ ಆದೀತು.

ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವನ ಕಾಳಜಿ ಸರಿಯಿತ್ತು, ಇನ್ನು ಗುಳಿಗೆ ಎಣಿಸಿಡುವ ಕೆಲಸ ಅವನದಾಗಲಿ. ವೈದ್ಯರ ಭೇಟಿ ತಡವಾಗುವಂತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ಅಲ್ಲಿಯವರೆಗೆ ಈಗಿನ ಪ್ರಮಾಣವನ್ನು ನೀವಾಗಿ ಏರಿಸಬೇಡಿ, ನಿಲ್ಲಿಸಲೂಬೇಡಿ.

— ಸಂಪಾದಕ